ಹೋಲಿಕೆಯ ಗುಂಪಿನವರು

ಅಮೆರಿಕಕ್ಕೆ ಹೋಗಿ ನೆಲೆಸಿದ ಕಾಸರಗೋಡಿನವರ ಮನೆಗಳಲ್ಲಿ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಒಂದು ಮಾತುಕತೆ ತಪ್ಪದೆ ನಡೆಯುತ್ತದೆ. ಮುಂದಿನ ವರ್ಷ ಯಾವ ಯಾವ 'ಎಪಿ' ತೆಗೆದುಕೊಳ್ಳಬೇಕು ಎಂಬುದೇ ಆ ಮಾತುಕತೆ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಕಲಿತು, ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ರೀತಿಯಲ್ಲಿ ನಡೆಸುವ ಪರೀಕ್ಷೆಗೆ ಕುಳಿತುಕೊಳ್ಳುವ ವ್ಯವಸ್ಥೆ ಅದು. ಅಂಕಗಳು 1ರಿಂದ 5ರ ವರೆಗೆ ಮಾತ್ರ. 3 ಬಂದರೆ ತೇರ್ಗಡೆ ಎಂಬುದು ಸಾಮಾನ್ಯ ಎಣಿಕೆ. 4 ಅಥವಾ 5 ಬಂದರೆ ಅನೇಕ ಕಾಲೇಜುಗಳು ಆ ವಿಷಯವನ್ನು ಮತ್ತೊಮ್ಮೆ ಕಲಿಯುವುದರಿಂದ ವಿನಾಯಿತಿ ನೀಡುತ್ತವೆ.

ಈ ವಿಷಯಗಳಲ್ಲಿಯೂ ಪಂಕ್ತಿಭೇದವಿದೆ. ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿಗಳು ಮೊದಲ ಪಂಕ್ತಿಯಲ್ಲಿ ಕುಳಿತುಕೊಳ್ಳುವಂಥವು. ಪರಿಸರ ವಿಜ್ಞಾನಕ್ಕೆ ಎಲೆ ಹಾಕುವುದು ಕೊನೆಯ ಪಂಕ್ತಿಯಲ್ಲಿ. ಅದು ಸುಲಭದ ವಿಷಯ, ಲೆಕ್ಕ ತಿಳಿಯದವರು ತೆಗೆದುಕೊಳ್ಳುವ ವಿಜ್ಞಾನ ಎಂಬ ಮಾತು ಭಾರತದಿಂದ ಹೋದ ತಂದೆತಾಯಿಗಳಲ್ಲಿ ಬಲವಾಗಿ ಬೇರೂರಿದೆ. ನ್ಯೂಜೆರ್ಸಿಯಲ್ಲಿರುವ ಒಂದು ಮನೆಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ತನಗೆ ಅದೇ ಬೇಕು ಎಂದಾಗ ಅವಳ ತಂದೆ ಹೇಳಿದ್ದೂ ಈ ಮಾತನ್ನೇ.

ಆ ತಂದೆ ಮಂಜೇಶ್ವರ ತಾಲೂಕಿನ ಮೀಂಜ ಪಂಚಾಯತಿನವರು. ಹತ್ತನೆಯ ತರಗತಿಯ ವರೆಗೆ ಕನ್ನಡ ಮಾಧ್ಯಮ, ಆಮೇಲೆ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್, ಆಮೇಲೆ ಕಡಲಿನಾಚೆ. ಊರಿನಲ್ಲಿ ಅವರ ತಂದೆತಾಯಿಗಳೂ ತಮ್ಮನ ಸಂಸಾರವೂ ಇದ್ದಾರೆ. ಒಂದಿಷ್ಟು ಅಡಿಕೆ ತೋಟ, ಹಿಂದೆ ಗದ್ದೆಯಿದ್ದ ಜಾಗ, ಗುಡ್ಡದ ಬುಡದಲ್ಲಿ ನೀರಿನ ಸುರಂಗ. ಹುಡುಗಿ ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಾಳೆ. ಹವಿಗನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಅರೆಬರೆ. ಅವಳು ಹಟ ಬಿಡಲಿಲ್ಲ. ಉಳಿದ ಮೂರು ವಿಷಯಗಳು ತಂದೆಯ ಆಯ್ಕೆ, ಇದೊಂದು ಮಗಳ ಆಯ್ಕೆ ಎಂಬ ಒಪ್ಪಂದಕ್ಕೆ ಮನೆ ಬಂದು ನಿಂತಿತು.

ಸುಲಭ ಎಂಬುದು ಎಷ್ಟು ನಿಜ ಎಂಬುದಕ್ಕೆ ಫಲಿತಾಂಶವೇ ಸಾಕ್ಷಿ. 1998ರಲ್ಲಿ ಮೊದಲ ಬಾರಿ ನಡೆದ ಈ ಪರೀಕ್ಷೆಯಲ್ಲಿ, ಬರೆದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಮಾತ್ರ 3 ಅಥವಾ ಅದಕ್ಕಿಂತ ಹೆಚ್ಚು ಪಡೆದ ವರ್ಷಗಳು ಅನೇಕ. ನೂರರಲ್ಲಿ ಹತ್ತು ಮಂದಿಗೂ 5 ಸಿಗದ ವರ್ಷಗಳೂ ಇವೆ. ಪಠ್ಯದಲ್ಲಿ ಒಂಬತ್ತು ಘಟಕಗಳು. ಜೀವಿವ್ಯವಸ್ಥೆಯಿಂದ ತೊಡಗಿ ಜನಸಂಖ್ಯೆ, ನೆಲ, ನೀರು, ಶಕ್ತಿ, ಗಾಳಿಯ ಮಾಲಿನ್ಯ, ನೀರು ಮತ್ತು ಮಣ್ಣಿನ ಮಾಲಿನ್ಯ ಎಂದು ಸಾಗಿ ಭೂಮಿಯ ಒಟ್ಟು ಬದಲಾವಣೆಯಲ್ಲಿ ಮುಗಿಯುತ್ತದೆ. 80 ವಸ್ತುನಿಷ್ಠ ಪ್ರಶ್ನೆಗಳಿಗೆ 90 ನಿಮಿಷ, ವಿವರಿಸಿ ಬರೆಯುವ 3 ಪ್ರಶ್ನೆಗಳಿಗೆ 70 ನಿಮಿಷ. ಈ ಮೂರರಲ್ಲಿ ಮೊದಲನೆಯದು ಒಂದು ತನಿಖೆಯನ್ನು ರೂಪಿಸುವುದಕ್ಕೆ ಸಂಬಂಧಿಸಿದ್ದು. ಉಳಿದೆರಡು ಒಂದು ಪರಿಸರ ಸಮಸ್ಯೆಯನ್ನು ಬಿಡಿಸಿ ಪರಿಹಾರ ಸೂಚಿಸುವಂಥವು. ಅವುಗಳಲ್ಲಿ ಒಂದಕ್ಕೆ ಲೆಕ್ಕವೂ ಬೇಕು. ಒಂದು ವಿಷದ ಅರ್ಧಾಯು ಆರು ತಿಂಗಳಾದರೆ ಎರಡು ವರ್ಷಗಳ ಬಳಿಕ ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ? ಹದಿನಾರರಲ್ಲಿ ಒಂದು ಪಾಲು. ವರ್ಷಕ್ಕೆ ಶೇಕಡಾ 2ರಂತೆ ಬೆಳೆಯುವ ಜನಸಂಖ್ಯೆ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ? 70ನ್ನು 2ರಿಂದ ಭಾಗಿಸಿದರೆ 35. ಲೆಕ್ಕ ದೊಡ್ಡದಲ್ಲ. ಆದರೆ ಯಾವ ಲೆಕ್ಕವನ್ನು ಎಲ್ಲಿ ಹೂಡಬೇಕು ಎಂಬುದನ್ನು ಪ್ರಶ್ನೆ ಹೇಳಿಕೊಡುವುದಿಲ್ಲ.

ಹುಡುಗಿಗೆ ಮೊದಲ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ ಅಲ್ಲ, ಬರವಣಿಗೆಯಲ್ಲಿ. ಕಾರ್ಖಾನೆಯ ತ್ಯಾಜ್ಯವನ್ನು ಹೊಳೆಗೆ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವಳು ಚೆಂದದ ಇಂಗ್ಲಿಷಿನಲ್ಲಿ, ಇದರಿಂದ ಪರಿಸರಕ್ಕೆ ಹಾನಿಯಾಗುತ್ತದೆ, ಜೀವಸಂಕುಲ ನಾಶವಾಗುತ್ತದೆ ಎಂದು ಅರ್ಧ ಪುಟ ಬರೆದಳು. ಅಧ್ಯಾಪಕಿ ಕೊಟ್ಟದ್ದು ಸೊನ್ನೆ. ಯಾವ ವಸ್ತು? ಯಾವ ಜೀವಿಗೆ? ಯಾವ ದಾರಿಯಾಗಿ? ಎಂದು ಅಂಚಿನಲ್ಲಿ ಮೂರು ಪ್ರಶ್ನೆಗಳು. ಬಿಸಿನೀರು ಹೊಳೆಗೆ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ಇಂಥ ಮೀನು ಸಾಯುತ್ತದೆ ಎಂದು ಕೊಂಡಿಗೆ ಕೊಂಡಿ ಜೋಡಿಸಿದರೆ ಅಂಕ. 'ಪರಿಸರಕ್ಕೆ ಕೆಟ್ಟದು' ಎಂಬ ವಾಕ್ಯಕ್ಕೆ ಆ ಪರೀಕ್ಷೆಯಲ್ಲಿ ಬೆಲೆಯೇ ಇಲ್ಲ.

ಈ ಒಂದು ನಿಯಮವನ್ನು ನಮ್ಮ ಶಾಲೆಗಳಿಗೆ ತಂದರೆ ಜೂನ್ 5ರಂದು ಬರೆಸುವ ಪ್ರಬಂಧಗಳ ಗತಿ ಏನಾದೀತು ಎಂದು ಯೋಚಿಸಿದರೆ ನಗು ಬರುತ್ತದೆ. ಪ್ರಕೃತಿಮಾತೆಯಿಂದ ಆರಂಭವಾಗಿ ಮನುಷ್ಯನ ದುರಾಸೆಯಲ್ಲಿ ಮುಗಿಯುವ ಆ ಪ್ರಬಂಧಗಳಿಗೆ ಬಹುಮಾನ ಬರುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಶಾಲೆಯ ಹಿಂದಿನ ತೋಡಿನಲ್ಲಿ ಹತ್ತು ವರ್ಷಗಳ ಹಿಂದೆ ಇದ್ದ ಮೀನು ಈಗ ಇದೆಯೇ ಎಂಬ ಮಾತು ಮಾತ್ರ ಬರುವುದಿಲ್ಲ.

ನಮ್ಮಲ್ಲಿ ಪರಿಸರ ಪಾಠಕ್ಕೆ ನ್ಯಾಯಾಲಯದ ಆಜ್ಞೆಯೇ ಇದೆ ಎಂಬುದು ಹೆಚ್ಚಿನ ಪಾಲಕರಿಗೆ ತಿಳಿಯದು. ವಕೀಲರಾದ ಎಂ. ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ನೀಡಿದ ತೀರ್ಪಿನಲ್ಲಿ, ಪರಿಸರವು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಬೇಕೆಂದು ನಿರ್ದೇಶಿಸಿತು. ಸಿನಿಮಾ ಮಂದಿರಗಳಲ್ಲಿ ಪರಿಸರ ಸಂದೇಶದ ಸ್ಲೈಡು ತೋರಿಸಬೇಕೆಂಬುದೂ ಅದೇ ತೀರ್ಪಿನಲ್ಲಿತ್ತು. ವರ್ಷಗಳು ಕಳೆದರೂ ಜಾರಿಗೆ ಬರಲಿಲ್ಲವೆಂದು ಮತ್ತೆ ಅರ್ಜಿ ಹೋಗಿ, 2003ರ ಡಿಸೆಂಬರ್ 18ರಂದು, ತರಗತಿವಾರು ಪಠ್ಯಕ್ರಮ ಸಿದ್ಧಪಡಿಸಲು ಎನ್‌ಸಿಇಆರ್‌ಟಿಗೆ ಆದೇಶವಾಯಿತು. ಆಜ್ಞೆಯಿಂದ ಪುಸ್ತಕ ಬರುತ್ತದೆ, ಪಾಠದ ಅವಧಿಯೂ ಬರುತ್ತದೆ. ಪ್ರಶ್ನೆ ಕೇಳುವ ಅಭ್ಯಾಸವನ್ನು ಯಾವ ಪೀಠವೂ ಆಜ್ಞೆಯ ಮೂಲಕ ತರಲಾರದು.

ನ್ಯೂಜೆರ್ಸಿಯ ಆ ತರಗತಿಗೆ ಒಂದು ಅನುಕೂಲವಿತ್ತು, ಅದನ್ನು ಅನುಕೂಲವೆಂದು ಕರೆಯಬಹುದಾದರೆ. ವಿಷತ್ಯಾಜ್ಯ ಸುರಿದು ಹಾಳಾದ ಸ್ಥಳಗಳನ್ನು ಗುರುತಿಸಿ, ಹಾಳುಮಾಡಿದವರಿಂದಲೇ ವೆಚ್ಚ ವಸೂಲು ಮಾಡಿ ಶುದ್ಧಗೊಳಿಸಲು ಅಮೆರಿಕದಲ್ಲಿ 1980ರಲ್ಲಿ ಒಂದು ಕಾಯಿದೆ ಬಂತು. ಸೂಪರ್‌ಫಂಡ್ ಎಂಬುದು ಅದರ ರೂಢಿಯ ಹೆಸರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸ್ಥಳಗಳಿರುವ ರಾಜ್ಯ ನ್ಯೂಜೆರ್ಸಿ; ನೂರಕ್ಕೂ ಹೆಚ್ಚು. ಕಾಯಿದೆಯ ಹೆಸರನ್ನು ಬಾಯಿಪಾಠ ಮಾಡಿಸುವ ಬದಲು ಅಧ್ಯಾಪಕಿಯು ನಕಾಶೆಯನ್ನು ಹರಡಿ, ನಿಮ್ಮ ನಿಮ್ಮ ಮನೆಗೆ ಅತಿ ಹತ್ತಿರದ ಸ್ಥಳ ಯಾವುದೆಂದು ಹುಡುಕಲು ಹೇಳಿದರು. ಬಳಿಕ ಮೂರು ದಿನ ಟಾಮ್ಸ್ ರಿವರ್ ಎಂಬ ಪಟ್ಟಣದ ಪಾಠ.

ಟಾಮ್ಸ್ ರಿವರ್ ಅದೇ ರಾಜ್ಯದ ಕಡಲಂಚಿನಲ್ಲಿದೆ. 1952ರಿಂದ ಅಲ್ಲಿ ಸೀಬಾ ಎಂಬ ಸ್ವಿಸ್ ಕಂಪೆನಿಯ ಬಣ್ಣದ ಕಾರ್ಖಾನೆ ಇತ್ತು. 1971ರಲ್ಲಿ ಯೂನಿಯನ್ ಕಾರ್ಬೈಡಿನ ಒಂದು ಘಟಕದ ತ್ಯಾಜ್ಯ ತುಂಬಿದ ಪೀಪಾಯಿಗಳನ್ನು ಅಲ್ಲಿನ ಒಂದು ಕೋಳಿ ಸಾಕಣೆಯ ಜಮೀನಿನಲ್ಲಿ ಸುರಿಯಲಾಗಿತ್ತು. ವಿಷ ಇಂಗಿ ಊರಿನ ಕುಡಿಯುವ ನೀರಿನ ಬಾವಿಗಳಿಗೆ ತಲಪಿತು. ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚು ಕಾಣಿಸಿಕೊಂಡಿದೆ ಎಂದು ತಾಯಂದಿರು ಕೇಳಲು ತೊಡಗಿದ ಬಳಿಕ ಸರಕಾರ ವರ್ಷಗಟ್ಟಲೆ ಅಧ್ಯಯನ ನಡೆಸಿತು. ರೋಗ ಬಂದ ಮಕ್ಕಳ ಜತೆ ರೋಗ ಬಾರದ, ಅದೇ ವಯಸ್ಸಿನ ಮಕ್ಕಳನ್ನಿಟ್ಟು ಹೋಲಿಸಲಾಯಿತು. ಕೊನೆಗೆ 2003ರಲ್ಲಿ ಹೊರಬಂದ ಫಲಿತಾಂಶ ಬಹಳ ಅಳೆದು ತೂಗಿದ್ದು: ತಾಯಿಯ ಗರ್ಭದಲ್ಲಿದ್ದಾಗ ಆ ನೀರಿಗೂ ಗಾಳಿಗೂ ಹೆಚ್ಚು ಒಡ್ಡಿಕೊಂಡಿದ್ದ ಹೆಣ್ಣುಮಕ್ಕಳಲ್ಲಿ ರಕ್ತದ ಕ್ಯಾನ್ಸರಿಗೆ ಸಂಬಂಧ ಕಾಣುತ್ತದೆ ಎಂದಷ್ಟೆ. ಎಲ್ಲರಲ್ಲಿ ಎಂದಲ್ಲ, ಎಲ್ಲ ಕ್ಯಾನ್ಸರಿಗೆ ಎಂದಲ್ಲ. ಅಷ್ಟರಲ್ಲಿ, 2001ರಲ್ಲಿಯೇ, 69 ಕುಟುಂಬಗಳು ಕಂಪೆನಿಗಳೊಡನೆ ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡಿದ್ದವು.

ಹುಡುಗಿ ರಾತ್ರಿಯ ಊಟದ ಹೊತ್ತಿಗೆ ಈ ಕತೆಯನ್ನು ಹೇಳಿದಳು. ತಂದೆ ಅನ್ನ ಕಲಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ತಾನು ಚಿಕ್ಕವನಿದ್ದಾಗ ಹೆಲಿಕಾಪ್ಟರ್ ನೋಡಲು ಓಡುತ್ತಿದ್ದೆ ಎಂದರು.

ಅವರ ತಾಯಿಯ ತವರು ಎಣ್ಮಕಜೆ ಪಂಚಾಯತಿನ ಪಡ್ರೆ. ಕ್ರಿಸ್ಮಸ್ ರಜೆಗೆ ಅಜ್ಜನ ಮನೆಗೆ ಹೋಗುವುದು ವಾಡಿಕೆ. ಗೇರು ಹೂ ಬಿಡುವ ಕಾಲವೂ ಅದೇ. ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. 1970ರ ದಶಕದ ಕೊನೆಯ ವರ್ಷಗಳಿಂದ 2000ದ ವರೆಗೆ ಅದು ನಡೆಯಿತು. ಬಾವಿಗಳನ್ನು ಮುಚ್ಚಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಅಲ್ಲಿನ ನೀರಿನ ಆಧಾರ ಬಾವಿಗಳಷ್ಟೇ ಅಲ್ಲ, ಗುಡ್ಡದಿಂದ ಹರಿದು ಬರುವ ಸುರಂಗ ಮತ್ತು ತೋಡುಗಳೂ ಹೌದು. ಅವುಗಳಿಗೆ ಮುಚ್ಚಳ ಎಲ್ಲಿಂದ ತರುವುದು? ಮಕ್ಕಳಿಗೆ ಮಾತ್ರ ಹೆಲಿಕಾಪ್ಟರ್ ಬಂದರೆ ಜಾತ್ರೆ. ಅಂಗಳಕ್ಕೆ ಓಡಿ, ಮುಖ ಮೇಲೆ ಮಾಡಿ, ಕೈ ಬೀಸುತ್ತಿದ್ದರು. ಮುಖದ ಮೇಲೆ ತುಂತುರು ಬಿದ್ದದ್ದು ತಂದೆಗೆ ನೆನಪಿತ್ತು. ನೆರೆಮನೆಯಲ್ಲಿ ಕತ್ತು ನಿಲ್ಲದ ಒಂದು ಮಗುವಿದ್ದದ್ದೂ ನೆನಪಿತ್ತು. ಎರಡನ್ನೂ ಜೋಡಿಸಿ ಯೋಚಿಸಬೇಕೆಂದು ಆಗ ಯಾರಿಗೂ ತೋರಿರಲಿಲ್ಲ. ಆ ಮಗುವಿನ ತಾಯಿ ತನ್ನ ಹಣೆಬರಹವೆಂದೇ ಹೇಳುತ್ತಿದ್ದಳು.

ಜೋಡಿಸಿದವರು ಆ ನೆಲದವರೇ. ಹುಟ್ಟಿದ ಕರುಗಳ ಅಂಗವೈಕಲ್ಯವನ್ನು ಗಮನಿಸಿ ಬಹಳ ಮುಂಚೆಯೇ ಬರೆದವರು ಅಲ್ಲಿಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆ. ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳು ಎಲ್ಲೆಲ್ಲಿವೆ ಎಂಬುದರ ಕಡೆಗೆ ಗಮನ ಹರಿಸಿದವರು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್. ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದರು. ದೊಡ್ಡ ನ್ಯಾಯಾಲಯಗಳಿಗೆ ಮುಂದೆ ಹೋದ ವ್ಯಾಜ್ಯಗಳ ಹಿಂದೆ ಒಂದು ತಾಲೂಕು ನ್ಯಾಯಾಲಯದ ಹಳೆಯ ದಾವೆಯಿತ್ತು ಎಂಬುದನ್ನು ನ್ಯಾಯಾಂಗದ ಬಗೆಗೆ ಬೇಸರಪಡುವವರು ಒಮ್ಮೆ ನೆನೆಯಬೇಕು.

ಆ ರಾತ್ರಿಯ ಬಳಿಕ ಹುಡುಗಿಗೆ ಪಠ್ಯಪುಸ್ತಕವು ಬೇರೆಯಾಗಿ ಕಾಣಿಸತೊಡಗಿತು. ಎಂಟನೆಯ ಘಟಕದಲ್ಲಿ, ಬೇಗನೆ ಕರಗದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳು ಎಂಬ ಭಾಗವಿದೆ. ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸುವ ರಾಸಾಯನಿಕಗಳು ಎಂಬ ಇನ್ನೊಂದು ಭಾಗವೂ ಇದೆ. ಮೊದಲನೆಯದಕ್ಕೆ ಸಂಬಂಧಿಸಿದ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯನ್ನು ತೆರೆದಾಗ 2011ರಲ್ಲಿ ಸೇರಿಸಿದ ಹೆಸರು ಎಂಡೋಸಲ್ಫಾನ್. ಅಲ್ಲಿಂದ ಹುಡುಕುತ್ತ ಹೋಗಿ ಅವಳು ಒಂದು ಪ್ರಬಂಧಕ್ಕೆ ತಲಪಿದಳು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪಡ್ರೆಗೆ ಬಂದು ನಡೆಸಿದ ಅಧ್ಯಯನ ಅದು. 2003ರಲ್ಲಿ ಅಮೆರಿಕದ ಒಂದು ಪರಿಸರ ಆರೋಗ್ಯ ಪತ್ರಿಕೆಯಲ್ಲಿಯೇ ಪ್ರಕಟವಾಗಿದೆ. ಟಾಮ್ಸ್ ರಿವರಿನ ಫಲಿತಾಂಶ ಬಂದ ವರ್ಷವೇ.

ಪರೀಕ್ಷೆಯ ಮೊದಲ ಪ್ರಶ್ನೆಗೆ ತಯಾರಾಗುವವರು ಯಾವ ಅಧ್ಯಯನವನ್ನು ಕಂಡರೂ ಕೇಳಲು ಕಲಿಯುವ ಕೆಲವು ಮಾತುಗಳಿವೆ. ಊಹೆ ಏನು? ಬದಲಾಗುವುದು ಯಾವುದು, ಅಳೆಯುವುದು ಯಾವುದನ್ನು? ಎಷ್ಟು ಮಂದಿ? ಯಾರೊಡನೆ ಹೋಲಿಕೆ? ಅವಳು ಹಾಳೆಯ ಮೇಲೆ ಒಂದೊಂದಾಗಿ ಬರೆದಳು. ಗೇರು ಗುಡ್ಡಗಳ ಕೆಳಗಿನ ಪಡ್ರೆಯ 117 ಮಂದಿ ಶಾಲಾ ಹುಡುಗರು. ಅಳೆದದ್ದು ಅವರ ಬೆಳವಣಿಗೆಯನ್ನು, ರಕ್ತದಲ್ಲಿರುವ ಎಂಡೋಸಲ್ಫಾನನ್ನು, ಹಾರ್ಮೋನುಗಳನ್ನು. ಹೋಲಿಕೆಗೆ, ಹೆಲಿಕಾಪ್ಟರ್ ಹಾರದ ಊರಿನ, ಅದೇ ಬಗೆಯ ಮನೆತನಗಳ 90 ಮಂದಿ ಹುಡುಗರು. ಪಡ್ರೆಯ ಹುಡುಗರ ರಕ್ತದಲ್ಲಿ ವಿಷದ ಅಂಶ ಹೆಚ್ಚು. ಪ್ರಾಯಕ್ಕೆ ಬರುವ ಬೆಳವಣಿಗೆ ಅವರಲ್ಲಿ ತಡವಾಗಿತ್ತು. ಹೋಲಿಕೆಯ ಊರು ಯಾವುದೆಂದು ಸಂಸ್ಥೆಯ ವರದಿಯಲ್ಲಿ ನೋಡಿದಳು: ಮೀಂಜ ಪಂಚಾಯತು.

ಅವಳು ಆ ಹೆಸರನ್ನು ತಂದೆಗೆ ತೋರಿಸಿದಳು. ತಂದೆ ಗಡಿಯಾರ ನೋಡಿ, ಊರಿನಲ್ಲಿ ಬೆಳಗಾಗಿದೆ ಎಂದು ತಮ್ಮನಿಗೆ ಫೋನು ಹಚ್ಚಿದರು.

ಅಪ್ಪಚ್ಚಿಗೆ 2001ರಲ್ಲಿ ಹದಿನೈದು ವರ್ಷ. ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ. ಡಾಕ್ಟರುಗಳು ಬಂದದ್ದು, ಸಾಲಾಗಿ ನಿಲ್ಲಿಸಿ ಎತ್ತರ ತೂಕ ನೋಡಿದ್ದು, ರಕ್ತ ತೆಗೆದದ್ದು ಅವರಿಗೆ ನೆನಪಿದೆ. ತಾನು ಆ 90 ಮಂದಿಯಲ್ಲಿ ಒಬ್ಬನೇ ಎಂಬುದಕ್ಕೆ ಅವರ ಕೈಯಲ್ಲಿ ಯಾವ ಕಾಗದವೂ ಇಲ್ಲ. ಆ ಕಾಲದಲ್ಲಿ ಶಾಲೆಗೆ ಬೇರೆ ಬೇರೆ ಆರೋಗ್ಯ ತಪಾಸಣೆಗಳೂ ಬರುತ್ತಿದ್ದವು. ಇಷ್ಟು ವರ್ಷ ಅದರ ಬಗೆಗೆ ಅವರು ಯೋಚಿಸಿಯೇ ಇರಲಿಲ್ಲ. ಕಂಟ್ರೋಲ್ ಗ್ರೂಪ್ ಎಂದು ಹುಡುಗಿ ಹೇಳಿದಾಗ ಅವರು ಅದಕ್ಕೆ ಕನ್ನಡವೇನು ಎಂದು ಕೇಳಿದರು. ಪಠ್ಯಪುಸ್ತಕದ ರೀತಿಯಲ್ಲಿ ನಿಯಂತ್ರಿತ ಗುಂಪು ಎನ್ನಬೇಕು. ಆದರೆ ಅಲ್ಲಿ ಯಾರನ್ನೂ ಯಾರೂ ನಿಯಂತ್ರಿಸುವುದಿಲ್ಲ. ತಂದೆ, ಹೋಲಿಕೆಯ ಗುಂಪು ಎಂದರು.

"ಹಾಗಾದರೆ ಕೂಸೇ, ಅವರ ಮಕ್ಕಳಿಗೆ ಏನಾಗಿದೆ ಎಂದು ತಿಳಿಯಲು ನಮ್ಮನ್ನು ನೋಡಿದರೋ?"

"ಹೌದು ಅಪ್ಪಚ್ಚಿ. ನೀವು ಇಲ್ಲದಿದ್ದರೆ ಅವರ ಸಂಖ್ಯೆಗೆ ಅರ್ಥ ಇಲ್ಲ."

ಪಡ್ರೆಯಲ್ಲಿ ಅಪ್ಪಚ್ಚಿಗೆ ಸೋದರಮಾವನ ಮಕ್ಕಳಿದ್ದಾರೆ. ವಯಸ್ಸಿನಲ್ಲಿ ಒಂದೆರಡು ವರ್ಷ ಹೆಚ್ಚುಕಡಿಮೆ. ರಜೆಯಲ್ಲಿ ಒಟ್ಟಿಗೆ ಗೇರುಹಣ್ಣು ಹೆಕ್ಕಿದವರು. ಅವರಲ್ಲಿ ಯಾರಾದರೂ ಆ 117ರಲ್ಲಿ ಇದ್ದಿರಬಹುದೇ ಎಂಬ ಮಾತನ್ನು ಆ ದಿನ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಈ ಅಧ್ಯಯನವನ್ನು ಪ್ರಶ್ನಿಸಿದವರೂ ಇದ್ದಾರೆ. ಅದರ ವಿಧಾನದ ಬಗೆಗೆ ಅದೇ ಪತ್ರಿಕೆಯಲ್ಲಿ ಆಕ್ಷೇಪಗಳು ಪ್ರಕಟವಾದವು. ಹುಡುಗಿಯ ಅಧ್ಯಾಪಕಿಯೂ ಅವಳಿಗೆ ಹೇಳಿದ್ದು ಅದನ್ನೇ: ಫಲಿತಾಂಶ ನಿನಗೆ ಇಷ್ಟವಾದರೂ ದೋಷ ಎಲ್ಲಿರಬಹುದು ಎಂಬುದನ್ನು ಒಂದು ವಾಕ್ಯದಲ್ಲಾದರೂ ಬರೆ. ಅವಳಿಗೆ ಸಿಟ್ಟು ಬಂದಿತ್ತು. ನೋವು ಕಣ್ಣೆದುರಿಗಿರುವಾಗ ದೋಷ ಹುಡುಕುವುದು ಕಂಪೆನಿಯ ಕೆಲಸ ಎಂದು ಅವಳ ವಾದ. ಹದಿನಾರು ವರ್ಷಕ್ಕೆ ಆ ಸಿಟ್ಟು ಸಹಜವೇ. ಆದರೆ ನ್ಯಾಯಾಲಯದಲ್ಲಿ ಒಮ್ಮೆ ನಿಂತವರಿಗೆ ಗೊತ್ತು, ತನ್ನ ಸಾಕ್ಷಿಯ ದುರ್ಬಲ ಜಾಗವನ್ನು ಮೊದಲು ತಾನೇ ನೋಡಿಕೊಳ್ಳದವನು ಎದುರು ಪಕ್ಷದ ಪಾಟೀಸವಾಲಿನಲ್ಲಿ ಉಳಿಯುವುದಿಲ್ಲ. ಈ ರೋಗ ಈ ವಿಷದಿಂದಲೇ ಈ ವ್ಯಕ್ತಿಗೆ ಬಂತೆಂದು ಒಬ್ಬೊಬ್ಬರ ವಿಷಯದಲ್ಲಿಯೂ ಸಾಧಿಸಿ ತೋರಿಸಬೇಕೆಂದರೆ ಲೋಕದ ಯಾವ ಹಳ್ಳಿಗೂ ನ್ಯಾಯ ಸಿಗದು. ಪೂರ್ಣ ಪುರಾವೆ ಬರುವ ತನಕ ಕಾಯದೆ ಹಾನಿಯನ್ನು ತಡೆಯಬೇಕೆಂಬ ಮುನ್ನೆಚ್ಚರಿಕೆಯ ತತ್ವವು ನಮ್ಮ ದೇಶದ ಕಾನೂನಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ವೆಲ್ಲೂರಿನ ಚರ್ಮ ಹದಗಾರಿಕೆಯ ಮೊಕದ್ದಮೆಯಲ್ಲಿ ಸಾರಿತು. 2011ರ ಮೇ 13ರಂದು ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆಗಳನ್ನು ಅದೇ ನ್ಯಾಯಾಲಯ ದೇಶದಾದ್ಯಂತ ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮೂರು ತಿಂಗಳು ಎಂಬುದು ಎಷ್ಟು ಉದ್ದವಾಯಿತೆಂದರೆ 2022ರಲ್ಲಿ ಹಣ ಯಾಕೆ ತಲಪಲಿಲ್ಲವೆಂದು ನ್ಯಾಯಾಲಯ ಮತ್ತೆ ಕೇಳಬೇಕಾಯಿತು.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿಯಿತು. ಎಂಡೋಸಲ್ಫಾನಿನ ಬಗೆಗೆ ಒಂದು ಪ್ರಶ್ನೆಯೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಜುಲೈಯಲ್ಲಿ ಅಂಕ ಬರುವಾಗ ಅವರೆಲ್ಲ ಊರಿನಲ್ಲಿದ್ದರು. ಜಗಲಿಯ ಮೂಲೆಯಲ್ಲಿ ಮಾತ್ರ ಸಿಗುವ ಸಿಗ್ನಲಿನಲ್ಲಿ ನೋಡಿದರೆ 4. ತಂದೆ, 5ಕ್ಕೆ ಎಷ್ಟು ಕಡಿಮೆಯಾಯಿತು ಎಂದು ಕೇಳಿದರು. ತಂದೆಯಂದಿರು ಎಲ್ಲ ದೇಶಗಳಲ್ಲಿಯೂ ಒಂದೇ.

ಅಪ್ಪಚ್ಚಿಯ ಮಗ ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಅಕ್ಕ ಬಂದರೆ ಅವನು ನೆರಳಿನಂತೆ ಹಿಂದೆ. ಇಬ್ಬರೂ ಸೇರಿ ಸುರಂಗದ ನೀರನ್ನು ಅಳೆಯಲು ಹೊರಟರು. ಅಡಿಕೆ ಮರದ ದಂಬೆಯ ತುದಿಗೆ 10 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ನೋಡುವುದಷ್ಟೇ ಕೆಲಸ. ಮೂರು ಸಲ ಹಿಡಿದು ಸರಾಸರಿ ತೆಗೆಯಬೇಕೆಂದು ಅವಳು, ಮಳೆಗಾಲದಲ್ಲಿ ಅಳೆದು ಏನು ಪ್ರಯೋಜನ ಎಂದು ಅಜ್ಜ. ಮಳೆ ಕಳೆದ ಮೇಲೆ ಎಷ್ಟು ತಿಂಗಳ ತನಕ ನೀರು ಕುಗ್ಗದೆ ಬರುತ್ತದೆ ಎಂಬುದೇ ಗುಡ್ಡದ ಆರೋಗ್ಯ ಎಂದು ಅವರ ಲೆಕ್ಕ. ಮೇಲಿನ ಜಾಗದಲ್ಲಿ ಕೊಳವೆಬಾವಿ ಕೊರೆದ ಮೇಲೆ ಮಾರ್ಚಿನಲ್ಲಿಯೇ ದಂಬೆ ಸೊರಗುತ್ತದೆ ಎಂಬುದು ಅವರ ಗುಮಾನಿ. ಅದು ಗುಮಾನಿಯೋ ಸತ್ಯವೋ ಎಂದು ತಿಳಿಯುವ ಕೆಲಸ ಹುಡುಗನ ಪಾಲಿಗೆ ಬಂತು. ಪ್ರತಿ ತಿಂಗಳ ಒಂದನೆಯ ತಾರೀಕು ಬೆಳಿಗ್ಗೆ ಏಳು ಗಂಟೆಗೆ ಅಳೆದು, ಆ ತಿಂಗಳ ಮಳೆಯೊಂದಿಗೆ ಬರೆದಿಡುವುದು. 200 ಪುಟದ ನೋಟ್ ಪುಸ್ತಕವೊಂದಕ್ಕೆ ಗೆರೆ ಎಳೆದು ಕಾಲಂಗಳ ಹೆಸರನ್ನು ಅವನೇ ಕನ್ನಡದಲ್ಲಿ ಬರೆದ. ಅವನ ಅಕ್ಷರ ಚೆಂದ. ತನಿಖೆಯೆಂದರೇನೆಂದು ಯಾರೂ ಅವನಿಗೆ ಪಾಠ ಮಾಡಿರಲಿಲ್ಲ. ಆದರೆ ಸುರಂಗದೊಳಗೆ ಎಲ್ಲಿ ಕಲ್ಲು ಕುಸಿದಿದೆ, ಯಾವ ಬಿರುಕಿನಿಂದ ಹೆಚ್ಚು ನೀರು ಒಸರುತ್ತದೆ ಎಂಬುದು ಅವನಿಗೆ ಕತ್ತಲಲ್ಲಿಯೂ ಗೊತ್ತಿತ್ತು. ಮುಂದೆ ಪ್ಲಸ್ ವನ್‌ಗೆ ಹೋದಾಗ ಅವನ ವಿಜ್ಞಾನ ಇಂಗ್ಲಿಷಿಗೆ ತಿರುಗುತ್ತದೆ. ಈ ಬಿರುಕು ಒಸರುಗಳೆಲ್ಲ ಅವನ ಜತೆ ಆಚೆ ದಾಟುತ್ತವೆಯೇ ಎಂಬುದು ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಎಲ್ಲರ ಮನೆಯ ಚಿಂತೆ.

ಒಂದು ಸಂಜೆ ಮಳೆ ಹಿಡಿದುಕೊಂಡಿತ್ತು. ಅಪ್ಪಚ್ಚಿ ಆ ಅಧ್ಯಯನವನ್ನು ಹುಡುಗಿಯಿಂದ ಓದಿಸಿಕೊಂಡು, ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಅರ್ಥ ಕೇಳುತ್ತಿದ್ದರು. ಹೋಲಿಕೆಯ ಗುಂಪಿನ ಕೆಲವು ಹುಡುಗರ ರಕ್ತದಲ್ಲಿಯೂ ಎಂಡೋಸಲ್ಫಾನಿನ ಅಂಶ ಕಂಡುಬಂದಿತ್ತು ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

"ಹೆಲಿಕಾಪ್ಟರ್ ಇಲ್ಲಿಗೆ ಬರಲಿಲ್ಲ, ಸರಿ. ಆದರೆ ಗದ್ದೆಗೆ ನಾವು ಹೊಡೆದದ್ದು ಏನು? ಅಪ್ಪ ಅಂಗಡಿಯಿಂದ ತರುತ್ತಿದ್ದ ಡಬ್ಬಿ ಯಾವುದು? ನಮ್ಮನ್ನು ಆರಿಸುವಾಗ ಅದನ್ನು ಯಾರಾದರೂ ಕೇಳಿದ್ದಾರೋ?"

ಹುಡುಗಿ ಪುಟಗಳನ್ನು ತಿರುವಿ ಹುಡುಕತೊಡಗಿದಳು. ಅಜ್ಜ ಮೂಲೆಯಲ್ಲಿ ಕುಳಿತು ಅಡಿಕೆ ಹೋಳು ಮಾಡುತ್ತಿದ್ದವರು, ಡಬ್ಬಿ ಅದೇ ಎಂದರು. ಬತ್ತದ ಕೀಟಕ್ಕೆ ಅದನ್ನೇ ತರುತ್ತಿದ್ದದ್ದು. ಬಕೆಟಿನಲ್ಲಿ ಕಲಕಿ ಕೊಟ್ಟದ್ದು ಚಿಕ್ಕ ಮಗ. ಖಾಲಿ ಡಬ್ಬಿಯನ್ನು ಅಜ್ಜಿ ತೊಳೆದು ಕೊಟ್ಟಿಗೆಯಲ್ಲಿಟ್ಟು ಹಲವು ಕಾಲ ಬಳಸಿದ್ದರು. ಅಜ್ಜಿ ಒಳಗಿನಿಂದ, ಬೂದಿ ಹಾಕಿ ಚೆನ್ನಾಗಿಯೇ ತಿಕ್ಕಿದ್ದೆ ಎಂದರು.

"ಕೊನೆಯ ಸಲ ಹೊಡೆದದ್ದು ಯಾವ ವರ್ಷ ಅಜ್ಜ?"

ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದರು. ಗದ್ದೆಯನ್ನು ತೋಟ ಮಾಡಿದ್ದು ದೊಡ್ಡ ಸೊಸೆ ಮನೆಗೆ ಬರುವ ಮೊದಲು, 1998ರ ಬೇಸಗೆಯಲ್ಲಿ. ಅಲ್ಲಿಗೆ ಮದ್ದು ನಿಂತಿತು. ರಕ್ತ ತೆಗೆದದ್ದು 2001ರಲ್ಲಿ. ನಡುವೆ ಮೂರು ವರ್ಷ. ಹುಡುಗಿ ತಮ್ಮನಿಂದ ಪೆನ್ಸಿಲು ಇಸಿದುಕೊಂಡು, ನೀರಿನ ನೋಟ್ ಪುಸ್ತಕವನ್ನು ಹಿಂದಿನಿಂದ ತೆರೆದು, ಅರ್ಧಾಯುವಿನ ಲೆಕ್ಕಕ್ಕೆ ಕುಳಿತಳು. ಕೊಟ್ಟಿಗೆಯ ಡಬ್ಬಿಯನ್ನು ಯಾವ ಕಾಲಂನಲ್ಲಿ ಬರೆಯುವುದು ಎಂದು ಹುಡುಗ ಕೇಳಿದ.